ತೊಂಬತ್ತನಾಲ್ಕು ನಿಮಿಷ

ಬೆಳಿಗ್ಗೆ ಹಿಡಿದ ಮಳೆ ಬಿಟ್ಟಿರಲಿಲ್ಲ. ಮಧ್ಯಾಹ್ನ ನಾಲ್ಕೂವರೆಗೇ ಕಚೇರಿಯಲ್ಲಿ ದೀಪ ಹಾಕಿಕೊಂಡು ಕೂತಿದ್ದೆವು. ನಮ್ಮದು ಹೊಳೆಯ ನೆರೆಯನ್ನು ಮೊದಲೇ ತಿಳಿಸುವ ಕಚೇರಿ, ಗುಡ್ಡದ ಮೇಲಿದೆ. ಕಿಟಕಿಯಿಂದ ನೋಡಿದರೆ ಕೆಳಗೆ ಹೊಳೆ, ಹೊಳೆಗೆ ಸೇತುವೆ, ಸೇತುವೆಯಾಚೆ ತಗ್ಗಿನಲ್ಲಿ ಕೆಳಗಿನ ಬೀದಿಯ ತಗಡಿನ ಮಾಡುಗಳು ಕಾಣಬೇಕು. ಆವತ್ತು ಮಳೆಯಲ್ಲಿ ಅದ್ಯಾವುದೂ ಕಾಣುತ್ತಿರಲಿಲ್ಲ. ಹೊಳೆಯ ಮೇಲ್ಭಾಗದಲ್ಲಿ ನೆಟ್ಟ ಹನ್ನೊಂದು ಅಳತೆಗಂಬಗಳಿಂದ ನೀರಿನ ಮಟ್ಟ ಬರುತ್ತದೆ. ಅದನ್ನು ಕಂಪ್ಯೂಟರ್ ಯಂತ್ರಕ್ಕೆ ಕೊಟ್ಟರೆ, ಸೇತುವೆಯ ಬಳಿ ನೀರು ಎಷ್ಟು ಅಡಿ ಏರುತ್ತದೆ ಎಂದು ಅದು ಒಂದು ಅಂಕಿ ಹೇಳುತ್ತದೆ. ಅಂಕಿ ಹತ್ತೊಂಬತ್ತು ಅಡಿ ದಾಟಿದರೆ ಆಚೆ ದಡದ ಸೈರನ್ ತಾನಾಗಿಯೇ ಕೂಗುತ್ತದೆ, ಕೆಳಗಿನ ಬೀದಿಯವರು ಎದ್ದು ದಿಬ್ಬ ಹತ್ತುತ್ತಾರೆ.

ನಾಲ್ಕು ಹತ್ತಕ್ಕೆ ಅಳತೆ ಕೊಟ್ಟಿದ್ದೆವು. ಹಳೆಯ ಯಂತ್ರ ಮಳೆಯಲ್ಲಿ ತಡ ಮಾಡುತ್ತದೆಂದೇ ಈ ಬೇಸಿಗೆಯಲ್ಲಿ ಹೊಸದನ್ನು ತರಿಸಿದ್ದೆವು, ಅದಕ್ಕೆ ಇದು ಮೂರು ನಿಮಿಷದ ಕೆಲಸ. ಇಪ್ಪತ್ತೈದು ನಿಮಿಷವಾದರೂ ಅಂಕಿ ಬಂದಿರಲಿಲ್ಲ. ಮೇಲಿನ ಅಧಿಕಾರಿಗಳಿಗೆ ಫೋನ್ ಮಾಡಿದೆ. "ಅಂಕಿ ಎಷ್ಟು?" ಎಂದು ಕೇಳಿದರು. ಇನ್ನೂ ಬಂದಿಲ್ಲ ಎಂದೆ. ಬಂದ ಮೇಲೆ ಮಾಡಿ ಎಂದರು.

ಕೊನೆಗೆ ಯೂನಿಕ್ಸಜ್ಜನನ್ನು ಕರೆಸಿದೆವು. ಈ ಅಜ್ಜ ಒಂದು ಕಾಲಕ್ಕೆ ಇದೇ ಕಚೇರಿಯ ಯಂತ್ರದ ಮನುಷ್ಯ. ನಿವೃತ್ತರಾಗಿ ಎಂಟು ವರ್ಷವಾಗಿದೆ, ಕಚೇರಿಯ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಒಬ್ಬರೇ ಇರುತ್ತಾರೆ. ಯಂತ್ರ ಎಷ್ಟು ಬದಲಾದರೂ ನಮ್ಮ ಹೊಳೆಯ ಪ್ರೋಗ್ರಾಂ ಓಡುವುದು ಯಂತ್ರವನ್ನು ನಡೆಸುವ ಯೂನಿಕ್ಸ್ ಎಂಬ ಹಳೆಯ ವ್ಯವಸ್ಥೆಯ ಮೇಲೆಯೇ, ಅದರ ಹೊಟ್ಟೆ ಬೆನ್ನು ಗೊತ್ತಿರುವುದು ಅವರೊಬ್ಬರಿಗೇ. ತಲೆಗೆ ಟವೆಲ್ ಸುತ್ತಿಕೊಂಡು ಬಂದರು. ಕೀಲಿಮಣೆಯಲ್ಲಿ ಒಂದೇ ಒಂದು ಸಾಲು ಒತ್ತಿದರು, ತೆರೆಯ ಮೇಲೆ ಬಂದದ್ದನ್ನು ಓದಿದರು. ಎರಡನೆಯ ಸಾಲು ಒತ್ತಲಿಲ್ಲ. ಸ್ಟೂಲು ಎಳೆದುಕೊಂಡು ಯಂತ್ರಕ್ಕೆ ಎದುರಾಗಿ ಕೂತರು.

ಅಲ್ಲಿದ್ದವರು ಮೂವರು: ನಾನು, ಕರೆಂಟಿನ ಕೆಲಸ ನೋಡಿಕೊಳ್ಳುವವನು ಮತ್ತು ಫೋನಿನವಳು. ಅಜ್ಜ ಫೋನಿನವಳ ಕಡೆ ತಿರುಗಿ, "ನಿಮ್ಮಮ್ಮ ಕೆಳಗಿನ ಬೀದೀಲೇ ಅಲ್ವೇನಮ್ಮ ಇರೋದು? ಫೋನ್ ಮಾಡಿ ಈಗಲೇ ದಿಬ್ಬ ಹತ್ತು ಅನ್ನು" ಎಂದರು.

ಅವಳು ಮಾಡಿದಳು. ಸ್ವಲ್ಪ ಹೊತ್ತು ವಾದವನ್ನೂ ಮಾಡಿದಳು. ಫೋನ್ ಇಟ್ಟು, "ಸೈರನ್ ಕೂಗಿದ ಮೇಲೆ ಬರ್ತೀನಿ ಅಂತಾಳೆ. ಹೋದ ವರ್ಷ ನಾನು ಹೆದರಿ ಸುಮ್ನೆ ಹತ್ತಿಸಿದ್ನಲ್ಲ, ಆ ಮಂಡಿ ನೋವು ಇನ್ನೂ ಹೋಗಿಲ್ಲವಂತೆ" ಎಂದಳು.

"ಅಜ್ಜಾ, ಏನಾಗಿದೆ ಅಂತ ಹೇಳಿ, ರಿಪೇರಿ ಮಾಡೋಣ" ಎಂದ ಕರೆಂಟಿನವನು.

"ರಿಪೇರಿ ಆಗೋದಾಗಿದ್ರೆ ಇಷ್ಟು ಹೊತ್ತಿಗೆ ಕೈ ಒರೆಸ್ಕೊಂಡು ಎದ್ದಿರ್ತಿದ್ದೆ ಕಣಪ್ಪ. ಕೂತ್ಕೊಳ್ಳಿ. ಒಂದು ಮಾತು ಹೇಳೋದಿದೆ, ಅದನ್ನ ಇಲ್ಲೇ, ಈ ಯಂತ್ರದ ಎದುರಿಗೇ ಹೇಳ್ಬೇಕು. ಯಾಕೆ ಅಂತ ಕೊನೆಗೆ ನಿಮಗೇ ತಿಳಿಯುತ್ತೆ."

ಅಂಕಿಯಿಲ್ಲದೆ ಸೈರನ್ ಕೂಗಿಸಲು ನಮ್ಮಲ್ಲಿ ಗುಂಡಿಯೂ ಇಲ್ಲ, ಬೇರೆ ಮಾಡಲು ಏನೂ ಇರಲಿಲ್ಲ. ಕೂತೆವು. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತಿದ್ದೇನೆ.

*

ಮೂವತ್ತಾರು ವರ್ಷದ ಹಿಂದಿನ ಮಾತು. ಇದೇ ಕೋಣೆ, ಇದೇ ಕಿಟಕಿ... ಯಂತ್ರ ಮಾತ್ರ ಬೇರೆ. ಬಟ್ಟೆ ಇಡೋ ಬೀರು ಇರುತ್ತಲ್ಲ, ಅಷ್ಟೆತ್ತರ. ಬಾಗಿಲು ತೆಗೆದ್ರೆ ಒಳಗೆ ಸಾಲಾಗಿ ನಾಲ್ಕು ಗೂಡು, ಗೂಡಿಗೊಂದು ಬೋರ್ಡು, ಬೋರ್ಡಿಗೊಂದು ಪ್ರೊಸೆಸರ್. ಪ್ರೊಸೆಸರ್ ಅಂದ್ರೆ ಏನು ಸ್ವಾಮಿ ಅಂತ ಕೇಳಿದವರಿಗೆ ನಾನು ತಲೆ ಅಂತಿದ್ದೆ. ನಮ್ಮದು ನಾಲ್ಕು ತಲೆಯ ಯಂತ್ರ. ಮನೇಲಿ ಎರಡು ತಲೆ ಸೇರಿದ್ರೆ ಒಂದು ಮಾತಿಗೆ ಬರೋಕೆ ಸಂಜೆ ಆಗುತ್ತೆ, ಇಲ್ಲಿ ನಾಲ್ಕು ತಲೆ ಸೇರಿ ಇಪ್ಪತ್ತೆರಡೇ ನಿಮಿಷಕ್ಕೆ ಅಂಕಿ ಕೊಡ್ತಿದ್ವು. ಮೇಲಿನ ಕಂಬಗಳ ಹತ್ರ ಇರೋ ನೀರು ಕೆಳಗಿನ ಬೀದಿಗೆ ಬರೋಕೆ ಒಂದೂಕಾಲು ಗಂಟೆ ಬೇಕು, ಆವತ್ತೂ ಅಷ್ಟೇ ಇವತ್ತೂ ಅಷ್ಟೇ. ಅಂದ್ರೆ ಅಂಕಿ ಬಂದ ಮೇಲೆ ಇನ್ನೂ ಐವತ್ತು ನಿಮಿಷ ಕೈಯಲ್ಲಿರ್ತಿತ್ತು. ಮುದುಕರು, ಮಕ್ಕಳು, ಆಡು, ಕೋಳಿ... ಎಲ್ಲ ಹತ್ತಿ ಮುಗಿಯೋಕೆ ಅಷ್ಟು ಸಾಕು.

ಆ ಅಂಕಿಯ ಹಿಂದೆ ಇದ್ದವಳು ನಮ್ಮಕ್ಕ. ಸ್ವಂತ ಅಕ್ಕ, ನನಗಿಂತ ಒಂಬತ್ತು ವರ್ಷ ದೊಡ್ಡವಳು. ಊರೆಲ್ಲ ಅವಳನ್ನ ಹೊಳೆಯಕ್ಕ ಅಂತಿದ್ರು. ಹೊಳೆ ಎಲ್ಲಿ ತಿರುಗುತ್ತೆ, ಎಲ್ಲಿ ನಿಧಾನಿಸುತ್ತೆ, ಯಾವ ಹಳ್ಳ ಸೇರಿದ ಮೇಲೆ ರೇಗುತ್ತೆ ಅನ್ನೋದೆಲ್ಲ ಅವಳಿಗೆ ಬಾಯಿಪಾಠ. ಯಂತ್ರ ಬರೋ ಮೊದಲು ಹತ್ತು ವರ್ಷ ಕಾಗದ ಪೆನ್ಸಿಲ್ ಹಿಡಿದು ಅಂಕಿ ತೆಗೀತಿದ್ದವಳು ಅವಳೇ, ಕೈಲೆಕ್ಕ ಸಾಲದು ಅಂತ ಮೇಲಿನವರ ಹತ್ರ ಗುದ್ದಾಡಿ ಯಂತ್ರ ತರಿಸಿದವಳು ಅವಳೇ, ತನ್ನ ಕೈಲೆಕ್ಕವನ್ನೇ ಪ್ರೋಗ್ರಾಂ ಮಾಡಿ ಅದರೊಳಗೆ ಕೂರಿಸಿದವಳೂ ಅವಳೇ. ಪೆನ್ಸಿಲ್ ಮಾತ್ರ ತುರುಬಿನಿಂದ ತೆಗೀಲಿಲ್ಲ. ನಾನು ತಾಯಿ ಸತ್ತ ಮಗು. ನನ್ನ ಮೂಗು ಒರೆಸಿದವಳು, ಓದಿಸಿದವಳು, ಇಲ್ಲಿ ಕೆಲಸಕ್ಕೆ ಹಚ್ಚಿದವಳು, ಎಲ್ಲ ಅವಳು. ಅಷ್ಟೊಂದು ಮಾಡಿದವರನ್ನ ಸಹಿಸೋದು ಕಷ್ಟ... ನಿಮಗೂ ಗೊತ್ತಿರಬೇಕಲ್ಲ? ಮೂವತ್ತೆರಡು ವರ್ಷದ ಗಂಡಸು ನಾನು, ಮೀಸೆ ಬೇರೆ, ಅವಳು ಇಡೀ ಕಚೇರಿಗೆ ಕೇಳೋ ಹಾಗೆ ಇಂಟರ್‌ಕಾಮಲ್ಲಿ "ಪುಟ್ಟಾ, ಊಟ ಆಯ್ತೇನೋ" ಅನ್ನೋಳು.

ಅವಳ ಗುಣ ಒಂದೇ. ಯಾವುದನ್ನೂ ಎರಡು ಸಲ ನೋಡದೆ ಒಪ್ಪೋಳಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನೋ ಗಾದೆ ಅವಳಿಗಾಗೇ ಹುಟ್ಟಿದ್ದು. ಅದರ ಹಿಂದಿನ ವರ್ಷ ಒಂದು ಸಲ ಯಾರೋ ಗಾಬರಿಯಾಗಿ ಅಂಕಿ ಬರೋ ಮೊದಲೇ ಸೈರನ್ ಗುಂಡಿ ಒತ್ತಿದ್ರು. ನೀರು ಬರಲಿಲ್ಲ, ಆದ್ರೆ ದಿಬ್ಬದ ಮೆಟ್ಟಿಲಲ್ಲಿ ನೂಕುನುಗ್ಗಲಾಗಿ ಗಂಡ ಹೆಂಡತಿ ಇಬ್ಬರು ಮುದುಕರು ಬಿದ್ದು ಸತ್ತರು. ಆವತ್ತೇ ಅಕ್ಕ ಒಂದು ನಿಯಮ ಬರೆದಳು. ಅಂಕಿ ಇಲ್ಲದೆ ಸೈರನ್ ಇಲ್ಲ. ಬರೆದು, ಕೆಳಗೆ ತಾನೇ ಸಹಿ ಹಾಕಿ, ಗುಂಡಿಯ ಪಕ್ಕ ಅಂಟಿಸಿದಳು.

ಆ ವರ್ಷ ಮಳೆಗಾಲದ ಬಾಯಲ್ಲಿ ಯಂತ್ರ ನಿಧಾನ ಆಗೋಕೆ ಶುರುವಾಯ್ತು. ಇಪ್ಪತ್ತೆರಡು ನಿಮಿಷದ್ದು ಇಪ್ಪತ್ತೇಳಾಯ್ತು, ಮೂವತ್ಮೂರಾಯ್ತು. ನಾನು ಬೆನ್ನು ಹತ್ತಿದೆ. ಹಳೇ ಯೂನಿಕ್ಸಲ್ಲಿ ಒಂದು ಕಮಾಂಡ್ ಇದೆ, ಕೊಟ್ರೆ ಯಾವ ಪ್ರೊಸೆಸರ್ ಎದ್ದಿದೆ, ಯಾವ ದಿನ ಎಷ್ಟು ಹೊತ್ತಿಗೆ ಎದ್ದಿದ್ದು ಅಂತ ಸಾಲು ಸಾಲಾಗಿ ಹೇಳುತ್ತೆ. ಸೊನ್ನೆ, ಒಂದು, ಎರಡು, ಮೂರು... ಎಣಿಕೆ ಸೊನ್ನೆಯಿಂದ. ಇನ್ನೊಂದು ಕಮಾಂಡ್ ಕೊಟ್ರೆ ಯಾವುದು ದುಡೀತಿದೆ, ಯಾವುದು ಬಿಡುವಾಗಿ ಕೂತಿದೆ ಅಂತ ಹೇಳುತ್ತೆ. ನೋಡ್ತೀನಿ, ಮೂರು ತಲೆ ತಮ್ಮ ಪಾಲು ಮುಗಿಸಿ ಕೈಕಟ್ಟಿ ಕೂತಿವೆ, ಎರಡನೇ ನಂಬರಿಗೆ ಮಾತ್ರ ಉಸಿರಾಡೋಕೂ ಬಿಡುವಿಲ್ಲ, ಮಾಡಿದ್ದನ್ನೇ ತಪ್ಪು ಮಾಡೋದು, ತಿದ್ದೋದು, ಮತ್ತೆ ಮಾಡೋದು. ಕಾಯಿಲೆ ಅದಕ್ಕೆ. ಅದೊಂದನ್ನ ಕಿತ್ತು ಹಾಕಿದ್ರೆ ಉಳಿದ ಮೂರೇ ಇಪ್ಪತ್ತಾರು ನಿಮಿಷಕ್ಕೆ ಮುಗಿಸ್ತವೆ. ಸುಲಭ ಅಲ್ವಾ?

ಬೀರು ಬಾಗಿಲು ತೆಗೆದೆ. ಎಡಗಡೆಯಿಂದ ಎಣಿಸಿದೆ, ಸೊನ್ನೆ, ಒಂದು, ಎರಡು. ಮೂರನೇ ಬೋರ್ಡಿನ ಮೇಲೆ ಕೈ ಇಟ್ಟೆ. ಅಕ್ಕ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. "ಅದೇ ಅಂತ ಹ್ಯಾಗೆ ಗೊತ್ತೋ ಪುಟ್ಟಾ? ಕಮಾಂಡ್ ಕೊಟ್ಟು ಎರಡನೇ ನಂಬರನ್ನ ಮೊದಲು ಮಲಗಿಸು. ಯಾವ ಬೋರ್ಡಿನ ದೀಪ ಆರುತ್ತೆ ನೋಡು. ಆಮೇಲೆ ಕೀಳು" ಅಂದಳು. ನಾಲ್ಕು ನಿಮಿಷದ ಕೆಲಸ. ನಾಲ್ಕೇ ನಿಮಿಷ... ಆದ್ರೆ ಹೊಸದಾಗಿ ಸೇರಿದ ಇಬ್ಬರು ನನ್ನ ಹಿಂದೆ ನಿಂತು ಕಲೀತಿದ್ರು, ಅವರೆದುರಿಗೆ ಪುಟ್ಟಾ ಅಂದಳು, ಅವರು ಮುಸಿಮುಸಿ ನಕ್ಕರು. ಮೈಯೆಲ್ಲ ಉರಿದುಹೋಯ್ತು. "ನಿನ್ನ ಹೊಳೆ ನೀನು ನೋಡ್ಕೊ, ನನ್ನ ಯಂತ್ರ ನಾನು ನೋಡ್ಕೋತೀನಿ" ಅಂದೆ. ಕಿತ್ತೆ.

ಅವಳು ಮಹಡಿ ಹತ್ತಿ ಹೋದಳು.

ಆ ಯಂತ್ರ ಗೂಡಿನ ಸಾಲು ನೋಡಿ ನಂಬರ್ ಕೊಡೋ ಜಾತಿಯದಲ್ಲ, ಎದ್ದ ಸಾಲು ನೋಡಿ ಕೊಡೋದು. ಕರೆಂಟು ಹಾಕಿದಾಗ ಮೊದಲು ಕಣ್ಣು ಬಿಟ್ಟಿದ್ದು ಸೊನ್ನೆ, ಆಮೇಲೆ ಕಣ್ಣು ಬಿಟ್ಟಿದ್ದು ಒಂದು... ಹಾಗೆ. ಕಾಯಿಲೆಯ ತಲೆ ಬಲಗಡೆ ತುದೀಲಿತ್ತು. ನಾನು ಕಿತ್ತು ಕಪಾಟಿನಲ್ಲಿಟ್ಟಿದ್ದು ಗಟ್ಟಿಮುಟ್ಟಾದ ತಲೇನ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತಲ್ಲ, ನಾನು ಅದನ್ನೇ ಮಾಡಿದ್ದೆ. ಆದ್ರೆ ಆವಾಗ ಗೊತ್ತಿಲ್ಲ. ಉಳಿದ ಮೂರಕ್ಕೆ ಯಂತ್ರ ಹೊಸದಾಗಿ ಸೊನ್ನೆ, ಒಂದು, ಎರಡು ಅಂತ ನಂಬರ್ ಕೊಟ್ಟುಕೊಳ್ತು, ಎಲ್ಲ ಅಚ್ಚುಕಟ್ಟು. ಪರೀಕ್ಷೆಗೆ ಅಂತ ಬೇಸಿಗೆಯ ಅಳತೆ ಹಾಕಿ ಓಡಿಸಿದೆ. ನೀರೇ ಇಲ್ಲದ ಹೊಳೆಗೆ ಎಷ್ಟು ಲೆಕ್ಕ ಇರುತ್ತೆ ಹೇಳಿ? ಕಾಯಿಲೆಯ ತಲೆಗೆ ಬಿಸಿ ಏರೋ ಮೊದಲೇ ಕೆಲಸ ಮುಗಿದುಹೋಯ್ತು. ರಿಪೇರಿ ಆಯ್ತು, ಪರೀಕ್ಷೆ ಮಾಡಿ ನೋಡಿದ್ದೇನೆ ಅಂತ ಪುಸ್ತಕದಲ್ಲಿ ಬರೆದು ಸಹಿ ಹಾಕಿದೆ.

ಎಂಟು ದಿನ ಆದ ಮೇಲೆ, ಇವತ್ತು ಹೊಡೀತಿದೆಯಲ್ಲ, ಹೀಗೇ ಮಳೆ. ಮಧ್ಯಾಹ್ನ ಒಂದು ಹತ್ತಕ್ಕೆ ಅಳತೆ ಕೊಟ್ವಿ. ಒಂದು ಮೂವತ್ತೈದಕ್ಕೆ ಅಕ್ಕ ಮಹಡಿಯಿಂದ ಇಂಟರ್‌ಕಾಮಲ್ಲಿ ಕೇಳಿದಳು, ಬಂತೇನೋ. ಇನ್ನೇನು ಬಂತು ಅಂದೆ. ಒಂದು ನಲವತ್ತೈದಕ್ಕೆ ಕೇಳಿದಳು. ಇನ್ನೇನು ಬಂತು ಅಂದೆ. ಒಂದು ಐವತ್ತೈದಕ್ಕೆ ಕೆಳಗಿಳಿದು ಬಂದು ಇಲ್ಲೇ, ಫೋನಿನವಳು ಕೂತಿದ್ದಾಳಲ್ಲ, ಅಲ್ಲಿ ನಿಂತಳು. ತೆರೆ ನೋಡಿದಳು, ನನ್ನ ಮುಖ ನೋಡಿದಳು. "ಗುಂಡಿ ಒತ್ತಿಬಿಡಕ್ಕ" ಅಂದೆ. "ಅಂಕಿ ಇಲ್ಲದೆ ಒತ್ತಬಾರದು ಅಂತ ಬರೆದವಳೇ ನಾನು. ಆ ಇಬ್ಬರು ಮುದುಕರನ್ನ ಮೆಟ್ಟಿಲ ಮೇಲಿಂದ ಎತ್ತಿದವಳೂ ನಾನೇ" ಅಂದಳು. ಯಂತ್ರ ಹೇಳದಿದ್ರೆ ಕಂಬ ಹೇಳುತ್ತೆ, ಸೇತುವೆಯ ಕಂಬದಲ್ಲಿ ಮಟ್ಟ ನೋಡ್ಕೊಂಡು ಕಾವಲುಗಾರನ ಕೋಣೆಯಿಂದ ಫೋನ್ ಮಾಡ್ತೀನಿ, ಮಾಡಿದ ಕೂಡ್ಲೇ ಒತ್ತು ಅಂದು, ಛತ್ರಿ ಕೂಡ ಮರೆತು ಇಳಿದು ಹೋದಳು.

ಫೋನ್ ಬರಲಿಲ್ಲ. ಸೇತುವೆಯ ಈ ಕಡೆಯ ಮಣ್ಣಿನ ಏರಿ ಎರಡು ಹತ್ತೊಂಬತ್ತಕ್ಕೆ ಕುಸೀತು ಅಂತ ಕಾವಲುಗಾರ ಆಮೇಲೆ ಹೇಳಿದ. ಗಡಿಯಾರ ನೋಡಿದ್ದನಂತೆ. ಏರಿ ಮೇಲೆ ಒಂದು ಹೆಂಗಸು ಅವನ ಕೋಣೆ ಕಡೆಗೆ ಓಡಿ ಬರ್ತಿತ್ತು, ಕಣ್ಣು ಮಿಟುಕಿಸೋದ್ರಲ್ಲಿ ಏರಿನೂ ಇಲ್ಲ, ಹೆಂಗಸೂ ಇಲ್ಲ ಅಂದ.

ಅಂಕಿ ಎರಡು ನಲವತ್ತನಾಲ್ಕಕ್ಕೆ ಬಂತು. ಇಪ್ಪತ್ಮೂರು ಅಡಿ ನಾಲ್ಕು ಇಂಚು. ಗುಂಡಿ ಒತ್ತಿದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ... ಕೆಳಗಿನ ಬೀದೀಲಿ ಆಗಲೇ ಮಾಡಿನ ಮಟ್ಟಕ್ಕೆ ನೀರು. ಮೂವತ್ತೊಂದು ಜನ. ಮೂವತ್ತೆರಡನೆಯವಳು ನಮ್ಮಕ್ಕ, ಅವಳ ಹೆಣ ಸಿಗಲಿಲ್ಲ.

ಮೂರನೇ ದಿನ ಒಬ್ಬನೇ ಕೂತು ದೀಪ ನೋಡಿದೆ. ಅವಳು ಹೇಳಿದ್ದ ಹಾಗೇ, ಒಂದೊಂದೇ ನಂಬರ್ ಮಲಗಿಸ್ತಾ ಹೋದೆ. ನಾಲ್ಕು ನಿಮಿಷ ಹಿಡೀತು. ಕಾಯಿಲೆಯ ನಂಬರ್ ಮಲಗಿಸಿದಾಗ ಆರಿದ್ದು ಬಲಗಡೆ ತುದಿಯ ದೀಪ. ಯಾರಿಗೂ ಹೇಳಲಿಲ್ಲ. ಕಾಯಿಲೆಯದನ್ನ ಕಿತ್ತು, ಗಟ್ಟಿಯದನ್ನ ಮೊದಲಿದ್ದ ಗೂಡಿಗೇ ಹಾಕಿ, ಬಾಗಿಲು ಮುಚ್ಚಿದೆ. ಮೂರು ಬೋರ್ಡು, ಬಲತುದಿಯ ಗೂಡು ಖಾಲಿ. ಯಂತ್ರ ಎಬ್ಬಿಸಿ ಪಟ್ಟಿ ಕೇಳಿದೆ.

ನಾಲ್ಕು ಸಾಲು ಬಂತು.

ಸೊನ್ನೆ, ಒಂದು, ಎರಡು... ಮೂರೂ ಈಗ ತಾನೇ ಎದ್ದಿವೆ ಅಂತಿತ್ತು. ನಾಲ್ಕನೇ ಸಾಲು, ಮೂರನೇ ನಂಬರು, ಎದ್ದಿದೆ. ಯಾವಾಗಿಂದ? ಮೂರು ದಿನದ ಹಿಂದೆ ಮಧ್ಯಾಹ್ನ ಎರಡು ಹತ್ತೊಂಬತ್ತರಿಂದ. ಯಾವುದೋ ಹಳೇ ಲೆಕ್ಕ ಉಳ್ಕೊಂಡಿದೆ ಅಂದ್ಕೊಂಡೆ. ನೀವಾದ್ರೂ ಹಾಗೇ ಅಂದ್ಕೊಳ್ತಿದ್ರಿ, ಅಲ್ವಾ? ಪ್ರೊಸೆಸರ್ ಯಾವ ಜಾತಿಯದು, ಎಷ್ಟು ವೇಗದ್ದು ಅಂತ ಕೇಳೋ ಕಮಾಂಡ್ ಕೊಟ್ಟೆ. ಮೂರಕ್ಕೂ ಜಾತಿ ಹೇಳ್ತು, ವೇಗ ಹೇಳ್ತು. ನಾಲ್ಕನೇದಕ್ಕೆ ಜಾತಿಯ ಜಾಗ ಖಾಲಿ, ವೇಗದ ಜಾಗ ಖಾಲಿ. ಮಲಗು ಅಂತ ಕಮಾಂಡ್ ಕೊಟ್ಟೆ, ಕೈಯಲ್ಲಿ ಕೆಲಸ ಇದೆ, ಮಲಗಿಸೋಕೆ ಬರಲ್ಲ ಅಂತು. ಕರೆಂಟೇ ತೆಗೆದು ಒಂದು ಗಂಟೆ ಬಿಟ್ಟು ಹಾಕಿದೆ, ಮೂರು ತಲೆ ಹೊಸ ಹೊತ್ತಿಗೆ ಎದ್ವು, ನಾಲ್ಕನೇದು ಅದೇ ಎರಡು ಹತ್ತೊಂಬತ್ತು. ಬೀರು ತೆಗೆದು ಖಾಲಿ ಗೂಡಿನೊಳಗೆ ಮೊಣಕೈವರೆಗೆ ಕೈ ಹಾಕಿದೆ. ಏನೂ ಇಲ್ಲ. ಕೈ ಹೊರಗೆ ತೆಗೆದ್ರೆ... ಉಗುರಿನ ಸಂದಿಯಲ್ಲೆಲ್ಲ ಹೊಳೆಯ ಮೆಕ್ಕಲು ಮಣ್ಣು, ಹಸಿ ಹಸಿ.

ಅದಾದ ಮೇಲೆ ಮಳೆ ಬಂದಾಗಲೆಲ್ಲ ಒಂದೇ ಕತೆ. ಅಳತೆ ಕೊಟ್ಟ ಕೂಡ್ಲೇ ಮೂರು ತಲೆ ಬಿಡುವಾಗಿ ಕೂರ್ತವೆ, ಇಡೀ ಕೆಲಸವನ್ನ ಆ ನಾಲ್ಕನೇದು ಎತ್ಕೊಳ್ಳುತ್ತೆ. ಕೆಲಸವನ್ನ ಬೇರೆ ತಲೆಗೆ ಕಟ್ಟಿ ಹಾಕಿದೆ, ಬಿಚ್ಚಿಕೊಂಡು ಅಲ್ಲಿಗೇ ಹೋಗುತ್ತೆ. ಹೊಸ ಬೋರ್ಡು ತರಿಸಿದೆ, ಪ್ರೋಗ್ರಾಂ ಅರ್ಧ ಮಾಡಿದೆ. ಏನು ಮಾಡಿದ್ರೂ ತೊಂಬತ್ತನಾಲ್ಕು ನಿಮಿಷ. ತೊಂಬತ್ಮೂರಲ್ಲ, ತೊಂಬತ್ತೈದಲ್ಲ. ಬಂದ ಅಂಕಿ ಮಾತ್ರ ಕಂಬದ ಮೇಲಿನ ನೀರಿಗೆ ಒಂದಿಂಚು ಹೆಚ್ಚಿಲ್ಲ, ಕಮ್ಮಿಯಿಲ್ಲ, ನಮ್ಮ ನಾಲ್ಕು ತಲೆ ಒಂದು ದಿನವಾದ್ರೂ ಅಷ್ಟು ಸರಿಯಾಗಿ ಹೇಳಿದ್ದಿಲ್ಲ. ಆದ್ರೆ ನೀರು ಬರೋಕೆ ಎಪ್ಪತ್ತೈದು ನಿಮಿಷ, ಅಂಕಿ ಬರೋಕೆ ತೊಂಬತ್ತನಾಲ್ಕು. ಅದನ್ನ ಇಟ್ಕೊಂಡು ಏನು ಮಾಡ್ತೀರಿ?

ಅಂಕಿ ಕಾಯದೆ ನಾನೇ ಅಂದಾಜಿನ ಮೇಲೆ ಗುಂಡಿ ಒತ್ತಿದೆ. ಹೌದು, ಅವಳ ನಿಯಮ ಮುರಿದೆ. ಮಾರನೇ ವರ್ಷ ಎರಡು ಸಲ. ಎರಡು ಸಲವೂ ಜನ ಮಳೇಲಿ ನೆಂದುಕೊಂಡು ಹತ್ತಿದ್ರು, ಎರಡು ಸಲವೂ ಆಮೇಲೆ ಬಂದ ಅಂಕಿ ಹದಿಮೂರು, ಹದಿನಾಲ್ಕು ಅಡಿ. ನೀರು ಮೆಟ್ಟಿಲನ್ನೂ ಮುಟ್ಟಲಿಲ್ಲ. ತೋಳ ಬಂತು ತೋಳ ಅಂತ ನನ್ನ ನೋಡಿ ಮಕ್ಕಳು ಕೂಗೋಕೆ ಶುರು ಮಾಡಿದ್ವು. ಮೇಲಿನವರು ಬಂದು ಗುಂಡಿಯನ್ನೇ ಕಿತ್ತುಕೊಂಡು ಹೋದ್ರು, ಸೈರನ್ನಿನ ತಂತಿಯನ್ನ ಅಂಕಿಗೇ ಕಟ್ಟಿದ್ರು. ಅದರ ಮುಂದಿನ ಮಳೆಗಾಲದಲ್ಲಿ ನಿಜವಾಗಿ ಬಂತು. ನಾನೇ ಸೇತುವೆ ದಾಟಿ ಮನೆ ಮನೆ ಬಾಗಿಲು ಬಡಿದೆ, ನಕ್ಕು ಬಾಗಿಲು ಹಾಕ್ಕೊಂಡ್ರು. ಒಂಬತ್ತು ಜನ.

ಯಾಕೆ ತೊಂಬತ್ತನಾಲ್ಕು? ಇದೊಂದು ಪ್ರಶ್ನೆ ನನ್ನನ್ನ ತಿಂದುಹಾಕ್ತಿತ್ತು. ಒಂದಿನ ಅಕ್ಕನ ಹಳೇ ಕಾಗದದ ಕಟ್ಟು ಬಿಚ್ಚಿದೆ, ಯಂತ್ರ ಬರೋ ಮೊದಲಿನ ಕೈಲೆಕ್ಕದ ಕಾಗದಗಳು. ಪ್ರತಿ ಕಾಗದದ ಮೇಲೂ ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು ಬರೆದಿದ್ದಳು. ಆರು ಹತ್ತಕ್ಕೆ ಶುರು, ಏಳು ನಲವತ್ತನಾಲ್ಕಕ್ಕೆ ಮುಕ್ತಾಯ. ಒಂಬತ್ತಕ್ಕೆ ಶುರು, ಹತ್ತು ಮೂವತ್ತನಾಲ್ಕಕ್ಕೆ ಮುಕ್ತಾಯ. ಒಂದಲ್ಲ ಎರಡಲ್ಲ, ನೂರಾರು ಕಾಗದ ನೋಡಿದೆ. ಅರ್ಥವಾಯ್ತಾ ನಿಮಗೆ? ನನಗೆ ಅರ್ಥವಾದಾಗ ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಯಂತ್ರದ ತಲೆಗಳನ್ನೆಲ್ಲ ಪಕ್ಕಕ್ಕೆ ಸರಿಸಿ ಅವಳು ಕೈಯಲ್ಲೇ ಲೆಕ್ಕ ಮಾಡ್ತಿದ್ದಾಳೆ. ನಾನು ಮುಟ್ಟಿದ ಯಂತ್ರನ ನಮ್ಮಕ್ಕ ಇನ್ನು ನಂಬಲ್ಲ.

ಅವಳ ಹೆಸರಿನ ಲಾಗಿನ್ ಇನ್ನೂ ತೆಗೆದಿರಲಿಲ್ಲ. ಅದಕ್ಕೆ ಒಂದು ಕಾಗದ ಕಳಿಸಿದೆ, ಯಂತ್ರದೊಳಗೇ. ಅಕ್ಕಾ, ತಪ್ಪು ನಂದು, ದೀಪ ನೋಡಲಿಲ್ಲ, ಈಗ ಎಲ್ಲ ಸರಿ ಮಾಡಿದ್ದೀನಿ, ನೀನೇ ಪರೀಕ್ಷೆ ಮಾಡು, ಯಂತ್ರಕ್ಕೆ ಬಿಟ್ಟುಕೊಡು ಅಂತ ಬರೆದೆ. ಬೆಳಿಗ್ಗೆ ನೋಡಿದ್ರೆ ಕಾಗದದ ಪಕ್ಕ ಓದಿದ ಗುರುತು ಬಿದ್ದಿತ್ತು. ಉತ್ತರ ಇರಲಿಲ್ಲ. ಆ ವಾರದ ಮಳೇಲೂ ತೊಂಬತ್ತನಾಲ್ಕೇ.

ಬೀರಿನಂಥ ಆ ಯಂತ್ರ ಹೋಯ್ತು. ಎರಡು ತಲೆಯ ಹೊಸದು ಬಂತು, ಬೇರೆ ಕಾರ್ಖಾನೆಯದು. ಮೊದಲನೇ ಮಳೆಗೆ ಪಟ್ಟಿ ಕೇಳಿದ್ರೆ ಮೂರು ಸಾಲು. ಮೂರನೆಯದರ ಹುಟ್ಟು ಅದೇ ದಿನ, ಅದೇ ಎರಡು ಹತ್ತೊಂಬತ್ತು. ಆ ಹೊತ್ತಿಗೆ ಆ ಯಂತ್ರದ ತಗಡೂ ಹುಟ್ಟಿರಲಿಲ್ಲ. ಯಂತ್ರದಲ್ಲಿದ್ರೆ ತಾನೇ ಯಂತ್ರದ ಜೊತೆ ಹೋಗೋಳು? ಅವಳಿರೋದು ಕೆಲಸದಲ್ಲಿ.

*

ಅಜ್ಜ ಅಲ್ಲಿಗೆ ನಿಲ್ಲಿಸಿ ಟವೆಲಿನಿಂದ ಮುಖ ಒರೆಸಿಕೊಂಡರು. ನಾನು ಎದ್ದು ಹೋಗಿ ತೆರೆ ನೋಡಿದೆ. ನಮ್ಮ ಯಂತ್ರಕ್ಕೆ ಇರುವುದು ನಾಲ್ಕು ಪ್ರೊಸೆಸರ್. ಅವರು ಒತ್ತಿದ ಕಮಾಂಡಿನ ಕೆಳಗೆ ಐದು ಸಾಲುಗಳಿದ್ದವು. ಐದನೆಯದರ ಮುಂದೆ ಮೂವತ್ತಾರು ವರ್ಷ ಹಳೆಯ ತಾರೀಕು ಇತ್ತು. ಹೊತ್ತನ್ನು ಓದುವ ಅಗತ್ಯ ನನಗೆ ಕಾಣಲಿಲ್ಲ.

"ಬೇಸಿಗೇಲಿ ಮೂರು ನಿಮಿಷ ಅಂತ ನೀವು ಕುಣಿದಾಡಿದಾಗಲೇ ಹೇಳ್ಬೇಕಿತ್ತು" ಎಂದರು ಅಜ್ಜ. "ಹೇಳಲಿಲ್ಲ. ಮೊದಲು ಕೆಲಸ ಹೋಗುತ್ತೆ ಅಂತ ಹೆದರಿದೆ, ಆಮೇಲೆ ಪಿಂಚಣಿ ಹೋಗುತ್ತೆ ಅಂತ, ಎಲ್ಲ ಮುಗಿದ ಮೇಲೆ ಮರ್ಯಾದೆ ಹೋಗುತ್ತೆ ಅಂತ. ಪರೀಕ್ಷೆ ಮಾಡಿದ್ದೇನೆ ಅಂತ ಸುಳ್ಳು ಸಹಿ ಹಾಕಿದ ಪುಸ್ತಕ ಆ ಕಪಾಟಿನಲ್ಲೇ ಇದೆ. ಅವಳಿಗೆ ಗುಟ್ಟಾಗಿ ಬರೆದೆನೇ ಹೊರತು ನಾಲ್ಕು ಜನರ ಎದುರಿಗೆ ಬಾಯಿ ಬಿಟ್ಟು ಒಪ್ಪಿಕೊಂಡಿದ್ದಿಲ್ಲ. ಮಾಡೋ ಪ್ರಯತ್ನ ಅದೊಂದು ಉಳಿದಿತ್ತು. ಅದಕ್ಕೇ ಇಲ್ಲಿ ಕೂತು ಹೇಳಿದ್ದು."

ಅವರು ಯಂತ್ರದ ಕಡೆ ಬಗ್ಗಿದರು. "ಅಕ್ಕಾ, ಇವರೆಲ್ಲ ಕೇಳಿದ್ದಾರೆ. ನೀನೂ ಕೇಳಿದ್ದೀಯ. ಇದರ ನಾಲ್ಕೂ ದೀಪ ಬೇಸಿಗೇಲೇ ಬಂದು ನಾನೇ ನೋಡಿದ್ದೀನಿ, ಈ ಸಲ ನಿಜವಾಗಿ ನೋಡಿದ್ದೀನಿ. ಬಿಟ್ಟುಕೊಡಕ್ಕ. ಮೂರು ನಿಮಿಷದಲ್ಲಿ ಮುಗಿಸುತ್ತೆ."

ನಾವು ನಾಲ್ಕು ಜನ ತೆರೆಯನ್ನೇ ನೋಡುತ್ತ ನಿಂತೆವು. ಒಂದು ನಿಮಿಷ ಕಳೆಯಿತು. ಎರಡು, ಮೂರು. ಐದನೇ ನಿಮಿಷಕ್ಕೆ ಅಜ್ಜ ಕಣ್ಣು ಮುಚ್ಚಿಕೊಂಡರು. ನಾಲ್ಕು ಪ್ರೊಸೆಸರ್‌ಗಳು ಬಿಡುವಾಗಿ ಕೂತಿದ್ದವು. ಗೋಡೆಯ ಗಡಿಯಾರದಲ್ಲಿ ಐದು ಇಪ್ಪತ್ತೇಳಾಗಿತ್ತು.

ಫೋನಿನವಳು ಮತ್ತೆ ಮನೆಗೆ ಫೋನ್ ಮಾಡಿದಳು. ಆಚೆ ಕಡೆ ಗಂಟೆ ಹೊಡೆಯುವುದು ನಮಗೂ ಕೇಳುತ್ತಿತ್ತು. ಹೊಡೆಯುತ್ತ ಹೊಡೆಯುತ್ತ ನಡುವೆಯೇ ನಿಂತುಹೋಯಿತು. ಅವಳು ರಿಸೀವರನ್ನು ಸ್ವಲ್ಪ ಹೊತ್ತು ಕಿವಿಗೆ ಹಿಡಿದುಕೊಂಡೇ ಇದ್ದು, ಆಮೇಲೆ ಇಟ್ಟು, ಬಾಗಿಲ ಕಡೆ ನಡೆದಳು. ಕರೆಂಟಿನವನು ಅಡ್ಡ ನಿಂತ.

"ದಾರಿ ಬಿಡಣ್ಣ. ಸೇತುವೆ ತನಕ ಹೋಗಿ ನೋಡ್ಕೊಂಡು ಬರ್ತೀನಿ."

ಅಜ್ಜ ಕಣ್ಣು ತೆರೆಯಲಿಲ್ಲ. "ನೋಡ್ಕೊಂಡು ಬರ್ತೀನಿ ಅಂತ ಹೋದವಳು ಒಬ್ಬಳು ಸಾಕಮ್ಮ, ಬಾ, ಕೂತ್ಕೊ" ಎಂದರು. "ಅಂಕಿ ಬರುತ್ತೆ... ಐದು ನಲವತ್ತನಾಲ್ಕಕ್ಕೆ ಬರುತ್ತೆ, ಬಂದ ಕೂಡ್ಲೇ ಸೈರನ್ನೂ ಕೂಗುತ್ತೆ. ಸರಿಯಾಗೇ ಇರುತ್ತೆ, ಅದರಲ್ಲಿ ಅನುಮಾನ ಇಟ್ಕೋಬೇಡಿ. ನಮ್ಮಕ್ಕ ಒಂದಿಂಚೂ ತಪ್ಪಿದವಳಲ್ಲ."